ಕ್ಯಾರವಾನಿಗೆ ವಿದ್ಯುತ್ ಹುಕ್-ಅಪ್ ಸಾಕೇ, ಗ್ಯಾಸ್ ಬೇಕೇ?

ಹೊಸ ಪಯಣಿಗ

ಎಲ್ಲರಿಗೂ ನಮಸ್ಕಾರ. ನಾವು ಮೊದಲ ಬಾರಿಗೆ ಕ್ಯಾರವಾನ್ (ಕಾರಿನ ಹಿಂದೆ ಎಳೆದೊಯ್ಯುವ ವಾಸದ ಗಾಡಿ) ಕೊಂಡಿದ್ದೇವೆ. ಹೊಸದಲ್ಲ, ಇನ್ನೊಬ್ಬರು ಬಳಸಿದ್ದು. ಅದರಲ್ಲಿ ಗ್ಯಾಸ್, 230 ವೋಲ್ಟ್ ಮತ್ತು 12 ವೋಲ್ಟ್ ಮೂರರಲ್ಲೂ ನಡೆಯುವ ಫ್ರಿಜ್, ಮೂರು ಗ್ಯಾಸ್ ಬರ್ನರ್‌ಗಳ ಪಕ್ಕದಲ್ಲಿ ಒಂದು ವಿದ್ಯುತ್ ತಟ್ಟೆ ಇರುವ ಒಲೆ, 10 ಲೀಟರಿನ ಗೀಸರ್, ಒಳಗಿನ ಗಾಳಿಯನ್ನು ಬೆಚ್ಚಗಾಗಿಸುವ ಹೀಟರ್ ಇವೆ. ಗೀಸರ್ ಮತ್ತು ಹೀಟರ್ ಎರಡನ್ನೂ ಗ್ಯಾಸಿನಲ್ಲಾದರೂ ವಿದ್ಯುತ್ತಿನಲ್ಲಾದರೂ ನಡೆಸಬಹುದೆಂದು ಗುಂಡಿಗಳ ಮೇಲಿನ ಗುರುತುಗಳಿಂದ ತಿಳಿದುಕೊಂಡೆ. ನಾವು ನಾಲ್ವರು, ಇಬ್ಬರು ಮಕ್ಕಳು.

ನಮ್ಮ ಗೊಂದಲ ಇಷ್ಟೇ. ತಂಗುದಾಣದಲ್ಲಿ ಹೆಚ್ಚಿನ ಹಣ ಕೊಟ್ಟು ವಿದ್ಯುತ್ ಹುಕ್-ಅಪ್, ಅಂದರೆ ಗಾಡಿಗೆ ಕೇಬಲಿನಿಂದ ವಿದ್ಯುತ್ ಕೊಡುವ ಕಂಬ, ಇರುವ ಜಾಗವನ್ನೇ ತೆಗೆದುಕೊಂಡ ಮೇಲೆ ಭಾರದ ಸಿಲಿಂಡರನ್ನು ಏಕೆ ಹೊತ್ತುಕೊಂಡು ಹೋಗಬೇಕು ಎಂದು ಒಬ್ಬ ಪರಿಚಿತರು ಕೇಳುತ್ತಾರೆ. ಗ್ಯಾಸಿನಲ್ಲೇ ಎಲ್ಲವೂ ನಡೆಯುವಾಗ ಆ ಕಂಬಕ್ಕೆ ಏಕೆ ಹಣ ಸುರಿಯಬೇಕು ಎಂದು ಇನ್ನೊಬ್ಬರು ಕೇಳುತ್ತಾರೆ. ಇಬ್ಬರೂ ಅನುಭವಿಗಳು, ಇಬ್ಬರ ಮಾತೂ ಸರಿಯೆನ್ನಿಸುತ್ತದೆ. ಯಾವುದನ್ನು ಆರಿಸಿಕೊಳ್ಳಬೇಕು?

ತಂತಿ ಕೆಲಸದವನು

ನಾನು ವಿದ್ಯುತ್ ಕೆಲಸದಲ್ಲಿ ಇರುವವನು, ಆದ್ದರಿಂದ ನನ್ನ ಉತ್ತರ ಆ ಕಡೆಗೆ ವಾಲಬಹುದು. ಆದರೂ ಮೊದಲು ಒಂದು ಮಾತು: ತಂಗುದಾಣದವರನ್ನು ‘ವಿದ್ಯುತ್ ಇದೆಯೇ’ ಎಂದು ಕೇಳಿ ಪ್ರಯೋಜನವಿಲ್ಲ, ‘ಎಷ್ಟು ಆಂಪಿಯರ್’ ಎಂದು ಕೇಳಬೇಕು. ಹೆಚ್ಚಿನ ಕಡೆ ಸಿಗುವುದು 6, 10 ಅಥವಾ 16 ಆಂಪಿಯರ್. ಕಂಬದ ಮೇಲಿನ ನೀಲಿ ಬಣ್ಣದ ಮೂರು ಪಿನ್ನಿನ ಸಾಕೆಟ್ ನೋಡಿ ಮೋಸಹೋಗಬೇಡಿ. ಆ ಸಾಕೆಟ್ 16 ಆಂಪಿಯರ್ ತಾಳುವಂತೆ ತಯಾರಾದದ್ದು ನಿಜ, ಆದರೆ ಅದರ ಹಿಂದಿರುವ ಎಂಸಿಬಿ (ಹೊರೆ ಮಿತಿ ಮೀರಿದರೆ ತಾನಾಗಿ ಬಿದ್ದು ವಿದ್ಯುತ್ ಕಡಿಯುವ ಸ್ವಿಚ್) 6 ಆಂಪಿಯರಿನದಾಗಿದ್ದರೆ ನಿಮಗೆ ಸಿಗುವುದು 6 ಮಾತ್ರ.

230 ವೋಲ್ಟಿನಲ್ಲಿ 6 ಆಂಪಿಯರ್ ಎಂದರೆ 1380 ವ್ಯಾಟ್, 10 ಎಂದರೆ 2300, 16 ಎಂದರೆ 3680. ಮನೆಯ ಸಾಮಾನ್ಯ ಕೆಟಲ್ 2000ದಿಂದ 3000 ವ್ಯಾಟ್ ಎಳೆಯುತ್ತದೆ ಎಂಬುದನ್ನು ನೆನೆದರೆ ಈ ಅಂಕಿಗಳು ಎಷ್ಟು ಚಿಕ್ಕವು ಎಂದು ತಿಳಿಯುತ್ತದೆ. (ಉತ್ತರ ಅಮೆರಿಕದಲ್ಲಿ ಲೆಕ್ಕ ಬೇರೆ, ಅಲ್ಲಿನ 30 ಆಂಪಿಯರ್ ಕೇಳಲು ದೊಡ್ಡದು, ಆದರೆ ವೋಲ್ಟೇಜ್ 120 ಆದ್ದರಿಂದ ಕೈಗೆ ಬರುವುದು 3600 ವ್ಯಾಟ್, ಅಂದರೆ ಹೆಚ್ಚುಕಡಿಮೆ ನಮ್ಮ 16 ಆಂಪಿಯರಿನಷ್ಟೇ.)

ಈಗ ನಿಮ್ಮ ಗಾಡಿಯನ್ನೇ ತೆಗೆದುಕೊಳ್ಳಿ. ಫ್ರಿಜ್ ಸುಮಾರು 150 ವ್ಯಾಟ್, ಬ್ಯಾಟರಿ ಚಾರ್ಜರ್ ಹೆಚ್ಚೆಂದರೆ 200ರಿಂದ 300, 10 ಲೀಟರಿನ ಗೀಸರ್ ಬಹುಪಾಲು 850, ಹೀಟರ್ ಸಾಮಾನ್ಯವಾಗಿ 500, 1000, 2000 ಎಂಬ ಮೂರು ಮೆಟ್ಟಿಲುಗಳಲ್ಲಿ. 10 ಆಂಪಿಯರಿನ ಜಾಗದಲ್ಲಿ ಫ್ರಿಜ್, ಗೀಸರ್ ಮತ್ತು 1000 ವ್ಯಾಟಿನ ಮೆಟ್ಟಿಲಲ್ಲಿ ಹೀಟರ್ ನಡೆಯುತ್ತಿರುವಾಗಲೇ 2000 ವ್ಯಾಟ್ ಮುಗಿಯಿತು. ಆ ಹೊತ್ತಿಗೆ ಯಾರಾದರೂ ಎದ್ದುಬಂದು ವಿದ್ಯುತ್ ತಟ್ಟೆಯನ್ನು ಹಾಕಿದರೆ ಎಂಸಿಬಿ ಬೀಳುವ ಸಂಭವವೇ ಹೆಚ್ಚು.

ಇನ್ನೊಂದು ಸೂಕ್ಷ್ಮವಿದೆ. ಎಂಸಿಬಿ ತನ್ನ ಮಿತಿಯನ್ನು ದಾಟಿದ ಕ್ಷಣವೇ ಬೀಳುವುದಿಲ್ಲ. ಮಿತಿಯ 1.13 ಪಟ್ಟಿನವರೆಗೆ ಒಂದು ಗಂಟೆಯಾದರೂ ಬೀಳಬಾರದು, 1.45 ಪಟ್ಟಾದರೆ ಒಂದು ಗಂಟೆಯೊಳಗೆ ಬೀಳಲೇಬೇಕು ಎಂಬ ನಿಯಮಕ್ಕೆ ತಕ್ಕಂತೆ ಅದನ್ನು ತಯಾರಿಸಿರುತ್ತಾರೆ. ನಡುವಿನ ಹೊರೆಯಲ್ಲಿ ಅದು ಹತ್ತು ನಿಮಿಷಕ್ಕೂ ಬೀಳಬಹುದು, ನಲವತ್ತಕ್ಕೂ ಬೀಳಬಹುದು, ಬೀಳದೆಯೂ ಇರಬಹುದು. ಹಾಗಾಗಿ ಕೊನೆಗೆ ಹಾಕಿದ ಉಪಕರಣವೇ ಕೆಟ್ಟಿದೆ ಎಂದು ಜನ ತಪ್ಪಾಗಿ ತಿಳಿಯುತ್ತಾರೆ. ಕೆಲವು ತಂಗುದಾಣಗಳಲ್ಲಿ ಕಂಬದ ಪೆಟ್ಟಿಗೆಗೆ ಬೀಗವಿರುತ್ತದೆ. ನಡುರಾತ್ರಿ ಬಿದ್ದರೆ ನಿರ್ವಾಹಕರು ಏಳುವವರೆಗೆ ಕತ್ತಲೆಯೇ ಗತಿ.

ಒಲೆಯ ಪಕ್ಷದವನು

ಸಿಲಿಂಡರಿಗೆ ಎಂಸಿಬಿ ಇಲ್ಲ ಎಂಬುದನ್ನು ಮೊದಲು ದಾಖಲಿಸುತ್ತೇನೆ.

ಸಿಲಿಂಡರಿನಲ್ಲಿ ಇರುವುದು ಪ್ರೋಪೇನ್ ಅಥವಾ ಬ್ಯೂಟೇನ್ ಎಂಬ ಗ್ಯಾಸ್. ಒಂದು ಕಿಲೋ ಪ್ರೋಪೇನಿನಲ್ಲಿ ಸುಮಾರು 12.8 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವಿದೆ. ಬ್ಯೂಟೇನಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. 11 ಕಿಲೋ ಸಿಲಿಂಡರ್ ಎಂದರೆ 140 ಯೂನಿಟ್. ನಿಮ್ಮ ಮೂರು ಬರ್ನರ್‌ಗಳನ್ನು ಒಟ್ಟಿಗೆ ಹೊತ್ತಿಸಿದರೆ ಸುಮಾರು 5 ಕಿಲೋವ್ಯಾಟ್ ಶಾಖ ಸಿಗುತ್ತದೆ. ಅದೇ ಕೆಲಸವನ್ನು ವಿದ್ಯುತ್ತಿನಲ್ಲಿ ಮಾಡಲು 21ಕ್ಕೂ ಹೆಚ್ಚು ಆಂಪಿಯರ್ ಬೇಕು, ಅದನ್ನು ಯಾವ ಕಂಬ ಕೊಡುತ್ತದೆ? ಬರ್ನರಿನ ಶಾಖದಲ್ಲಿ ಅರ್ಧದಷ್ಟು ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತದೆ ಎಂಬುದು ನಿಜ. ಅದನ್ನು ಹಿಡಿದುಕೊಂಡರೂ ಒಂದು ಲೀಟರ್ ನೀರು ಕುದಿಸಲು ಬೇಕಾಗುವುದು 15 ಗ್ರಾಂ ಗ್ಯಾಸಿನ ಆಸುಪಾಸು. ಅದಕ್ಕಿಂತ ಮುಖ್ಯವಾಗಿ, ಕಂಬವಿರುವಲ್ಲಿ ಮಾತ್ರ ನಿಲ್ಲುತ್ತೇವೆ ಎನ್ನುವವರು ಕ್ಯಾರವಾನ್ ಏಕೆ ಕೊಳ್ಳಬೇಕು ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಫ್ರಿಜ್ ಬಿಚ್ಚಿದವಳು

ಇಬ್ಬರೂ ಫ್ರಿಜ್ಜನ್ನು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಹಗಲು ರಾತ್ರಿ ಎಡೆಬಿಡದೆ ನಡೆಯುವುದು ಅದೊಂದೇ ಆದ್ದರಿಂದ ಈ ಪ್ರಶ್ನೆಯ ನಡುಗಂಬ ಅದೇ ಎಂದು ನಾನು ಹೇಳುತ್ತೇನೆ.

ನಿಮ್ಮದು ಹೀರಿಕೆಯ ಬಗೆಯ ಫ್ರಿಜ್. ಮನೆಯ ಫ್ರಿಜ್ಜಿನಂತೆ ಅದರಲ್ಲಿ ಕಂಪ್ರೆಸರ್ ಇಲ್ಲ. ಮುಚ್ಚಿದ ಕೊಳವೆಗಳೊಳಗೆ ಅಮೋನಿಯಾ, ನೀರು ಮತ್ತು ಹೈಡ್ರೋಜನ್ ಇವೆ. ಕೆಳಗಿನಿಂದ ಶಾಖ ಕೊಟ್ಟರೆ ಅಮೋನಿಯಾ ನೀರಿನಿಂದ ಬೇರ್ಪಟ್ಟು ಮೇಲೇರಿ, ತಣಿದು ದ್ರವವಾಗಿ, ಹೈಡ್ರೋಜನ್ ತುಂಬಿದ ಕೊಳವೆಯಲ್ಲಿ ಮತ್ತೆ ಆವಿಯಾಗುವಾಗ ಪೆಟ್ಟಿಗೆಯ ಶಾಖವನ್ನು ಹೀರಿಕೊಂಡು, ಕೊನೆಗೆ ನೀರಿನಲ್ಲಿ ಕರಗಿ ಹೊರಟಲ್ಲಿಗೇ ಬರುತ್ತದೆ. 1922ರಲ್ಲಿ ಸ್ಟಾಕ್‌ಹೋಮಿನಲ್ಲಿ ಓದುತ್ತಿದ್ದ ಬಾಲ್ಟ್‌ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟೆರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಂಡುಹಿಡಿದ ಈ ಉಪಾಯ ನೂರು ವರ್ಷ ದಾಟಿದರೂ ಕ್ಯಾರವಾನುಗಳಲ್ಲಿ ಉಳಿದಿರುವುದಕ್ಕೆ ಒಂದೇ ಕಾರಣ: ಶಾಖ ಎಲ್ಲಿಂದ ಬಂದರೂ ಅದಕ್ಕೆ ಚಿಂತೆಯಿಲ್ಲ. ಜ್ವಾಲೆಯಾದರೂ ಆಗಬಹುದು, 230 ವೋಲ್ಟಿನ ಕಡ್ಡಿಯಾದರೂ ಆಗಬಹುದು, 12 ವೋಲ್ಟಿನದಾದರೂ ಆಗಬಹುದು.

ಗ್ಯಾಸಿನಲ್ಲಿ ಅದು ದಿನಕ್ಕೆ ಸುಮಾರು 300 ಗ್ರಾಂ ಸುಡುತ್ತದೆ, ಅಂದರೆ 11 ಕಿಲೋ ಸಿಲಿಂಡರ್ ಬರೀ ಫ್ರಿಜ್ಜಿಗಾದರೆ ಒಂದು ತಿಂಗಳು ದಾಟುತ್ತದೆ. ವಿದ್ಯುತ್ತಿನಲ್ಲಿ ಇಡೀ ದಿನ ನಡೆದರೂ 3.6 ಯೂನಿಟ್ ಮೀರದು. ಎರಡರಲ್ಲೂ ತಂಪು ಒಂದೇ. 12 ವೋಲ್ಟನ್ನು ಮಾತ್ರ ಕಾರು ಎಳೆದುಕೊಂಡು ಹೋಗುವಾಗ ಬಿಟ್ಟು ಬೇರೆಂದೂ ಬಳಸಬೇಡಿ. ಅದು 10ರಿಂದ 14 ಆಂಪಿಯರ್ ಎಳೆಯುತ್ತದೆ. ಕಾರು ನಿಲ್ಲಿಸಿ ಮರೆತರೆ 100 ಆಂಪಿಯರ್-ಗಂಟೆಯ ಬ್ಯಾಟರಿ ಬೆಳಗಾಗುವುದರೊಳಗೆ ಬರಿದಾಗುತ್ತದೆ. ಹಾಗೆಯೇ ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸಬೇಕು. ವಾಲಿದರೆ ಒಳಗಿನ ದ್ರವ ಸರಾಗವಾಗಿ ಹರಿಯದೆ ಫ್ರಿಜ್ ತಣಿಯುವುದಿಲ್ಲ, ನೀವು ಪಾಪದ ಗ್ಯಾಸನ್ನೋ ಕಂಬವನ್ನೋ ದೂರುತ್ತೀರಿ.

ಕೆಲವು ಫ್ರಿಜ್ಜುಗಳು ಇಂಧನವನ್ನು ತಾವೇ ಆರಿಸಿಕೊಳ್ಳುತ್ತವೆ: ಮೊದಲು 230 ವೋಲ್ಟ್, ಅದಿಲ್ಲದಿದ್ದರೆ ಓಡುತ್ತಿರುವ ಕಾರಿನ 12 ವೋಲ್ಟ್, ಅದೂ ಇಲ್ಲದಿದ್ದರೆ ಗ್ಯಾಸ್. ನಿಮ್ಮದು ಅಂಥದ್ದಾಗಿದ್ದರೆ ರಾತ್ರಿ ಕಂಬ ಕೈಕೊಟ್ಟರೂ ಹಾಲು ಕೆಡುವುದಿಲ್ಲ, ಸಿಲಿಂಡರಿನ ಕವಾಟ ತೆರೆದಿದ್ದರೆ.

ಚಳಿಗಾಲದ ಸಂಚಾರಿ

ಬೇಸಿಗೆಯಲ್ಲಿ ಮಾತ್ರ ತಿರುಗುವವರಿಗೆ ಮೇಲಿನ ಚರ್ಚೆ ಸಾಕು. ಚಳಿಯಲ್ಲಿ ಹೊರಟರೆ ಪ್ರಶ್ನೆಯ ರೂಪವೇ ಬದಲಾಗುತ್ತದೆ.

ಬ್ಯೂಟೇನ್ ಕುದಿಯುವುದು ಮೈನಸ್ 0.5 ಡಿಗ್ರಿಯಲ್ಲಿ, ಪ್ರೋಪೇನ್ ಮೈನಸ್ 42ರಲ್ಲಿ. ಸಿಲಿಂಡರಿನೊಳಗೆ ಗ್ಯಾಸ್ ದ್ರವವಾಗಿರುತ್ತದೆ, ಬರ್ನರಿಗೆ ಬರುವುದು ಅದರ ಆವಿ. ಹೊರಗಿನ ತಾಪ ಸೊನ್ನೆಯ ಹತ್ತಿರ ಇಳಿದಾಗ ಬ್ಯೂಟೇನ್ ಆವಿಯಾಗಲು ಒಪ್ಪುವುದಿಲ್ಲ. ಸಿಲಿಂಡರ್ ಅಲ್ಲಾಡಿಸಿದರೆ ಒಳಗೆ ದ್ರವ ತುಳುಕುವ ಸದ್ದು ಕೇಳುತ್ತದೆ, ಒಲೆ ಮಾತ್ರ ಹೊತ್ತುವುದಿಲ್ಲ. ನಾನು ಮೊದಲ ಚಳಿಗಾಲದಲ್ಲಿ ಇದೇ ಕಾರಣಕ್ಕೆ ರೆಗ್ಯುಲೇಟರ್ ಬದಲಿಸಿ, ಪೈಪ್ ಬದಲಿಸಿ, ಕೊನೆಗೆ ಬೆಳಗಿನ ಬಿಸಿಲು ಸಿಲಿಂಡರಿನ ಮೇಲೆ ಬಿದ್ದೊಡನೆ ಎಲ್ಲವೂ ತಾನಾಗಿ ಸರಿಹೋದದ್ದನ್ನು ನೋಡಿ ಪೆಚ್ಚಾದೆ. ಚಳಿಗೆ ಪ್ರೋಪೇನನ್ನೇ ತೆಗೆದುಕೊಳ್ಳಿ. ಅದರಲ್ಲೂ ತೀರ ಸಣ್ಣ ಸಿಲಿಂಡರಿನಿಂದ ಹೀಟರ್, ಗೀಸರ್, ಒಲೆ ಮೂರನ್ನೂ ಒಟ್ಟಿಗೆ ಎಳೆದರೆ, ಆವಿಯಾಗುವ ಭರದಲ್ಲಿ ಸಿಲಿಂಡರ್ ತಾನೇ ತಣ್ಣಗಾಗಿ ಮೈಮೇಲೆ ಹಿಮ ಕಟ್ಟಿಕೊಂಡು ಒತ್ತಡ ಕುಸಿಯುತ್ತದೆ.

ಇನ್ನು ಪ್ರಮಾಣ. 3 ಕಿಲೋವ್ಯಾಟಿನ ಹೀಟರ್ ಪೂರ್ಣ ಜೋರಿನಲ್ಲಿ ಗಂಟೆಗೆ ಕಾಲು ಕಿಲೋ ಗ್ಯಾಸ್ ತಿನ್ನುತ್ತದೆ. ದಿನಕ್ಕೆ ಹತ್ತು ಗಂಟೆ ಹಾಗೆ ಉರಿಸಿದರೆ 11 ಕಿಲೋ ನಾಲ್ಕೂವರೆ ದಿನಕ್ಕೆ ಮುಗಿಯಿತು, ಮುಗಿಯುವುದು ಯಾವಾಗಲೂ ನಡುರಾತ್ರಿ ಎರಡು ಗಂಟೆಗೆ. ಎರಡು ಸಿಲಿಂಡರ್ ಜೋಡಿಸಿ, ಒಂದು ಖಾಲಿಯಾದೊಡನೆ ತಾನಾಗಿ ಇನ್ನೊಂದಕ್ಕೆ ಹೊರಳುವ ಕವಾಟ ಹಾಕಿಸಿದ ಮೇಲೆಯೇ ನನಗೆ ಚಳಿಗಾಲದಲ್ಲಿ ನಿದ್ದೆ ಬಂದದ್ದು. ಹಾಗಾಗಿ ಚಳಿಯಲ್ಲಿ ನಾನು ಕಂಬವಿರುವ ಜಾಗವನ್ನೇ ಹುಡುಕುತ್ತೇನೆ: ರಾತ್ರಿಯಿಡೀ 1000 ವ್ಯಾಟಿನಲ್ಲಿ ವಿದ್ಯುತ್ ಹೀಟರ್ ತಳದ ಬೆಚ್ಚಗೆಯನ್ನು ಕಾಯ್ದುಕೊಳ್ಳುತ್ತದೆ, ಬೆಳಗ್ಗೆ ಎದ್ದ ಮೊದಲ ಅರ್ಧ ಗಂಟೆಗೆ ಗ್ಯಾಸ್ ಬಲ ಕೊಡುತ್ತದೆ.

ಹೊಸ ಪಯಣಿಗ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ಒಂದು ಉಪಪ್ರಶ್ನೆ: ಹಳೆಯ ಮಾಲೀಕರು ಕೇಬಲ್ ಕೊಟ್ಟಿಲ್ಲ. ಮನೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಬಳಸುತ್ತಿದ್ದ, ಗಾಲಿಗೆ ಸುತ್ತಿದ ಉದ್ದನೆಯ ಎಕ್ಸ್‌ಟೆನ್ಶನ್ ಕೇಬಲ್ ಇದೆ. ಅದಕ್ಕೇ ನೀಲಿ ಪ್ಲಗ್ಗುಗಳನ್ನು ಹಾಕಿಸಿಕೊಂಡರೆ ಆಗದೇ?

ತಂತಿ ಕೆಲಸದವನು

ದಯವಿಟ್ಟು ಬೇಡ. ಕ್ಯಾರವಾನಿಗೆ ಬೇಕಾದದ್ದು 2.5 ಚದರ ಮಿಲಿಮೀಟರಿನ ಮೂರು ತಂತಿಗಳ, ಹೊರಾಂಗಣಕ್ಕೆಂದೇ ತಯಾರಾದ ಕೇಬಲ್; ರೂಢಿಯ ಉದ್ದ 25 ಮೀಟರ್. ನೀವು ಹೇಳುವ ಮನೆಬಳಕೆಯ ಕೇಬಲ್ ಬಹುಶಃ 1.5 ಚದರ ಮಿಲಿಮೀಟರಿನದು ಅಥವಾ ಅದಕ್ಕಿಂತಲೂ ತೆಳು. 1.5ರ 25 ಮೀಟರ್ ಕೇಬಲಿನಲ್ಲಿ 16 ಆಂಪಿಯರ್ ಹರಿದರೆ ಹೋಗಿಬರುವ ದಾರಿಯ ತಂತಿಗಳಲ್ಲಿ ಸುಮಾರು 170 ವ್ಯಾಟ್ ಬರೀ ಶಾಖವಾಗುತ್ತದೆ, 2.5ರಲ್ಲಿ ಅದು 100ರ ಆಸುಪಾಸು.

ಸರಿಯಾದ ಕೇಬಲ್ ಇದ್ದರೂ ಗಾಲಿಗೆ ಸುತ್ತಿದಂತೆಯೇ ಬಳಸಬಾರದು. 100 ವ್ಯಾಟ್ ಶಾಖ 25 ಮೀಟರ್ ಉದ್ದಕ್ಕೂ ಹರಡಿದರೆ ಕೈಗೆ ತಿಳಿಯುವುದೂ ಇಲ್ಲ. ಅದೇ 100 ವ್ಯಾಟನ್ನು ಒಂದು ಗಾಲಿಯ ಸುರುಳಿಯೊಳಗೆ ಅದುಮಿಟ್ಟರೆ ಒಳಪದರಗಳಿಗೆ ತಣಿಯಲು ದಾರಿಯಿಲ್ಲ. ಹೊದಿಕೆ ಮೆತ್ತಗಾಗಿ ತಂತಿಗಳು ಒಂದಕ್ಕೊಂದು ತಾಗುತ್ತವೆ. ಕರಗಿ ಒಂದೇ ಮುದ್ದೆಯಾದ ಗಾಲಿಗಳನ್ನು ನಾನು ಕೈಯಾರೆ ತೆಗೆದುಹಾಕಿದ್ದೇನೆ. ಕಂಬ ಐದೇ ಮೀಟರ್ ದೂರವಿದ್ದರೂ ಪೂರ್ತಿ ಬಿಚ್ಚಿ, ಉಳಿದದ್ದನ್ನು ಗಾಡಿಯ ಅಡಿಯಲ್ಲಿ ಅಗಲವಾದ ಸಡಿಲ ಬಳುಕುಗಳಾಗಿ ಹಾಸಿ.

ಜೋಡಿಸುವಾಗ ಮೊದಲು ಗಾಡಿಗೆ, ಆಮೇಲೆ ಕಂಬಕ್ಕೆ. ಬಿಚ್ಚುವಾಗ ಮೊದಲು ಕಂಬದಿಂದ. ಹೀಗೆ ಮಾಡಿದರೆ ಕೈಯಲ್ಲಿ ಹಿಡಿದ ತುದಿಯಲ್ಲಿ ಎಂದೂ ವಿದ್ಯುತ್ ಇರುವುದಿಲ್ಲ. ಜೋಡಿಸಿದೊಡನೆ ಗಾಡಿಯೊಳಗಿನ ಪೆಟ್ಟಿಗೆಯಲ್ಲಿರುವ ಆರ್‌ಸಿಡಿಯ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಪರೀಕ್ಷಾ ಗುಂಡಿ ಒತ್ತಿ ನೋಡಿ. 30 ಮಿಲಿಆಂಪಿಯರ್ ಸೋರಿಕೆಗೇ ಅದು ಬೀಳಬೇಕು, ಒದ್ದೆ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ಓಡಾಡುವ ಮಕ್ಕಳಿಗೆ ಅದೇ ರಕ್ಷೆ. ಒಂದು ಸಾಕೆಟ್ ಪರೀಕ್ಷಕವನ್ನು ಕೊಂಡು ಚುಚ್ಚಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕೆಲವು ಕಡೆ ಕಂಬದಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುತ್ತವೆ. ಆಗ ಫ್ರಿಜ್, ಗೀಸರ್ ಎಲ್ಲವೂ ನಡೆಯುತ್ತವೆ. ಆದರೆ ಒಂದೇ ತಂತಿಯನ್ನು ಕಡಿಯುವ ಸ್ವಿಚ್ಚನ್ನು ನೀವು ಆರಿಸಿದಾಗ ಕಡಿಯುವುದು ನ್ಯೂಟ್ರಲ್ಲನ್ನು, ಆದ್ದರಿಂದ ಆರಿದಂತೆ ಕಾಣುವ ಉಪಕರಣದೊಳಗೆ ಫೇಸ್ ಉಳಿದೇ ಇರುತ್ತದೆ. ಎರಡೂ ತಂತಿಗಳನ್ನು ಕಡಿಯುವ ಬ್ರೇಕರ್ ಇರುವ ಗಾಡಿಯಾದರೆ ಅಷ್ಟು ಚಿಂತೆಯಿಲ್ಲ. ಅರ್ತಿಂಗ್ ಇಲ್ಲವೆಂದು ಪರೀಕ್ಷಕ ತೋರಿಸಿದರೆ ಮಾತ್ರ ಎರಡನೆಯ ಯೋಚನೆ ಬೇಡ: ಕೇಬಲ್ ಕಿತ್ತು ಗ್ಯಾಸಿನಲ್ಲೇ ಇರಿ.

ಒಲೆಯ ಪಕ್ಷದವನು

ಕೊನೆಯ ಮಾತನ್ನು ಚೌಕಟ್ಟು ಹಾಕಿಸಿ ಇಟ್ಟುಕೊಳ್ಳುತ್ತೇನೆ.

ಎಚ್ಚರಿಕೆ ಗಂಟೆ

ಒಲೆಯ ಪಕ್ಷದವರು ನಗುವ ಮುನ್ನ ನನ್ನದೊಂದು ಅನುಭವ. ಹಲವು ವರ್ಷಗಳ ಹಿಂದೆ, ಮಳೆ ಬಿಡದ ಒಂದು ಸಂಜೆ, ಕಂಬವಿಲ್ಲದ ಜಾಗದಲ್ಲಿ ನಮ್ಮ ಹೀಟರ್ ಹೊತ್ತಲಿಲ್ಲ. ನೆಲದಲ್ಲಿರುವ ಗಾಳಿಕಿಂಡಿಗಳಿಂದ ಚಳಿ ಬರುತ್ತಿತ್ತೆಂದು ನಾನೇ ಅವುಗಳಿಗೆ ಟವೆಲ್ ತುರುಕಿ, ಎರಡು ಬರ್ನರ್ ಹೊತ್ತಿಸಿ ಬಾಗಿಲು ಮುಚ್ಚಿದೆ. ಮುಕ್ಕಾಲು ಗಂಟೆಯೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಿರುಚಿಕೊಂಡಿತು. ಆ ಹೊತ್ತಿಗಾಗಲೇ ಇಬ್ಬರಿಗೂ ತಲೆ ಸಿಡಿಯುತ್ತಿತ್ತು, ಅದನ್ನು ಪ್ರಯಾಣದ ಆಯಾಸವೆಂದು ತಿಳಿದಿದ್ದೆವು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಗ್ಯಾಸಿಗೆ ಬೆರೆಸುವ ಕೆಟ್ಟ ವಾಸನೆ ಸೋರಿಕೆಯನ್ನು ಮಾತ್ರ ತಿಳಿಸುತ್ತದೆ, ಅರೆಬರೆ ಉರಿದಾಗ ಹುಟ್ಟುವ ಈ ವಿಷವನ್ನಲ್ಲ.

ಅಡುಗೆಯ ಒಲೆ ಕೋಣೆ ಬೆಚ್ಚಗಾಗಿಸುವ ಸಾಧನವಲ್ಲ. ಗಾಡಿಯಲ್ಲಿ ಕೂಡಿಸಿ ಬಂದಿರುವ ಹೀಟರ್ ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನು ಹೊರಗೇ ಬಿಡುತ್ತದೆ. ಒಲೆಗೆ ಅಂಥ ಏರ್ಪಾಡಿಲ್ಲ. ನೆಲದ ಕಿಂಡಿಗಳಿಗೆ ಇನ್ನೊಂದು ಕೆಲಸವೂ ಇದೆ. ಪ್ರೋಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಸೋರಿದ್ದು ಕೆಳಕ್ಕೆ ಇಳಿದು ಆ ಕಿಂಡಿಗಳ ಮೂಲಕವೇ ಹೊರಹೋಗಬೇಕು. ಮುಚ್ಚಿದರೆ ಕಾಲಡಿಯಲ್ಲೇ ಕೊಳದಂತೆ ನಿಲ್ಲುತ್ತದೆ.

ಜೊತೆಗೆ, ಒಂದು ಕಿಲೋ ಪ್ರೋಪೇನ್ ಉರಿದಾಗ 1.6 ಕಿಲೋ ನೀರಾವಿ ಹುಟ್ಟುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮುಚ್ಚಿದ ಗಾಡಿಯಲ್ಲಿ ಒಲೆ ಉರಿಸಿದ ಮರುದಿನ ಬೆಳಗ್ಗೆ ಕಿಟಕಿಗಳಿಂದ ನೀರು ಇಳಿಯುವುದೂ ಹಾಸಿಗೆಯ ಮೂಲೆ ತೇವವಾಗುವುದೂ ಇದರಿಂದಲೇ. ವಿದ್ಯುತ್ ತಟ್ಟೆಯ ಮೇಲೆ ಕುದಿಸಿದರೆ ಪಾತ್ರೆಯ ಆವಿಯಷ್ಟೇ ಬರುತ್ತದೆ. ಮಳೆಯ ದಿನ ಕಂಬವಿದ್ದರೆ ನಾನು ಆ ತಟ್ಟೆಯನ್ನೇ ಬಳಸುತ್ತೇನೆ.

ಸಂಚಾರದಲ್ಲಿ ಸಿಲಿಂಡರ್ ಕವಾಟ ಮುಚ್ಚಿರಬೇಕು. ಘಾತವಾದೊಡನೆ ತಾನಾಗಿ ಮುಚ್ಚಿಕೊಳ್ಳುವ ರೆಗ್ಯುಲೇಟರ್ ಇದ್ದರೆ ಅದು ಬೇರೆ ಮಾತು. ಪೆಟ್ರೋಲ್ ಬಂಕಿಗೆ ಹೋಗುವ ಮುನ್ನ ಫ್ರಿಜ್ಜಿನ ಜ್ವಾಲೆ ಆರಿದೆಯೆಂದು ಖಚಿತಪಡಿಸಿಕೊಳ್ಳಿ.

ಲೆಕ್ಕದ ಪುಸ್ತಕ

ಹಣದ ವಿಷಯ ಯಾರೂ ಎತ್ತಿಲ್ಲ. ದರಗಳು ಊರಿಂದೂರಿಗೆ ಬೇರೆಯಾದ್ದರಿಂದ ಅಂಕಿಗಳ ಬದಲು ಲೆಕ್ಕದ ದಾರಿಯನ್ನು ಬರೆಯುತ್ತೇನೆ.

ಸಿಲಿಂಡರಿನ ಬೆಲೆಯನ್ನು ಅದರೊಳಗಿನ ಗ್ಯಾಸಿನ ಕಿಲೋಗಳಿಂದ ಭಾಗಿಸಿ, ಬಂದದ್ದನ್ನು 12.8ರಿಂದ ಭಾಗಿಸಿದರೆ ಒಂದು ಯೂನಿಟ್ ಶಾಖದ ಬೆಲೆ ತಿಳಿಯುತ್ತದೆ. ಮೀಟರ್ ಇರುವ ತಂಗುದಾಣವಾದರೆ ಯೂನಿಟ್ ದರದ ಜೊತೆ ಅದನ್ನು ಹೋಲಿಸಿದರಾಯಿತು. ಬಹಳಷ್ಟು ಕಡೆ ಮೀಟರ್ ಇರುವುದಿಲ್ಲ, ವಿದ್ಯುತ್ ಇರುವ ಜಾಗಕ್ಕೆ ದಿನಕ್ಕಿಷ್ಟು ಹೆಚ್ಚು ಎಂದು ಒಟ್ಟಾಗಿ ಹಿಡಿಯುತ್ತಾರೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ನಾನು ಆ ದಿನ ನಿಜವಾಗಿ ಎಷ್ಟು ಯೂನಿಟ್ ಬಳಸುತ್ತೇನೆ?

ಬೆಚ್ಚಗಿನ ದಿನಗಳಲ್ಲಿ ಫ್ರಿಜ್ಜಿಗೆ 3.6, ಗೀಸರಿನ 10 ಲೀಟರನ್ನು ಎರಡು ಬಾರಿ 15 ಡಿಗ್ರಿಯಿಂದ 65ಕ್ಕೆ ಏರಿಸಲು 1.2, ಅಡುಗೆ ಮತ್ತು ದೀಪಗಳಿಗೆ ಒಂದು. ಎಲ್ಲ ಸೇರಿ ಆರರ ಒಳಗೆ. ಇದೇ ಕೆಲಸ ಗ್ಯಾಸಿನಲ್ಲಿ ಸುಮಾರು ಅರ್ಧ ಕಿಲೋ. ಹಾಗಾದರೆ ಬೇಸಿಗೆಯಲ್ಲಿ ಕಂಬಕ್ಕಾಗಿ ಕೊಡುವ ದಿನದ ಹೆಚ್ಚುವರಿ ಹಣ ಅರ್ಧ ಕಿಲೋ ಗ್ಯಾಸಿನ ಬೆಲೆಗಿಂತ ಹೆಚ್ಚಿದ್ದರೆ ಗ್ಯಾಸ್ ಅಗ್ಗ. ಚಳಿಯಲ್ಲಿ ಹೀಟರಿಗೆ ದಿನಕ್ಕೆ 10ರಿಂದ 20 ಯೂನಿಟ್ ಸೇರುತ್ತದೆ, ಹೋಲಿಕೆಯ ತಕ್ಕಡಿಗೆ ಇನ್ನೊಂದರಿಂದ ಎರಡು ಕಿಲೋ ಗ್ಯಾಸ್ ಬೀಳುತ್ತದೆ, ಕಂಬ ಗೆಲ್ಲುವ ಸಂಭವ ಹೆಚ್ಚು. ನಿಮ್ಮ ಇಬ್ಬರು ಪರಿಚಿತರಲ್ಲಿ ಒಬ್ಬರು ಬೇಸಿಗೆಯಲ್ಲಿ ತಿರುಗುವವರು, ಇನ್ನೊಬ್ಬರು ಚಳಿಯಲ್ಲಿ ತಿರುಗುವವರು ಎಂದು ನನ್ನ ಊಹೆ.

ಬಿಸಿಲು ಹಿಡಿದವನು

ಗ್ಯಾಸನ್ನೇ ಪೂರ್ತಿ ಕಿತ್ತುಹಾಕಿದವನು ನಾನು. ಚಾವಣಿಯ ಮೇಲೆ ಸೌರ ಫಲಕ, ಮಂಚದಡಿಯಲ್ಲಿ ಲಿಥಿಯಂ ಬ್ಯಾಟರಿ, ಇನ್ವರ್ಟರ್, ಕಂಪ್ರೆಸರ್ ಇರುವ 12 ವೋಲ್ಟ್ ಫ್ರಿಜ್, ಇಂಡಕ್ಷನ್ ಒಲೆ. ಸಿಲಿಂಡರ್ ಹೊರುವುದಿಲ್ಲ, ಪೈಪಿನ ತಾರೀಕು ನೋಡುವುದಿಲ್ಲ, ಕಿಂಡಿಯ ಚಿಂತೆಯಿಲ್ಲ. 2026ರಲ್ಲೂ ಜ್ವಾಲೆಯ ಮೇಲೆ ಫ್ರಿಜ್ ನಡೆಸುವ ಚರ್ಚೆ ಓದುವುದು ವಿಚಿತ್ರವಾಗಿದೆ.

ಫ್ರಿಜ್ ಬಿಚ್ಚಿದವಳು

ಫ್ರಿಜ್ಜಿನ ಮಟ್ಟಿಗೆ ನೀವು ಹೇಳುವುದನ್ನು ಒಪ್ಪುತ್ತೇನೆ. ಕಂಪ್ರೆಸರ್ ಫ್ರಿಜ್ ದಿನಕ್ಕೆ ಅರ್ಧ ಯೂನಿಟ್ಟಿನ ಆಸುಪಾಸಿನಲ್ಲಿ ಮುಗಿಸುತ್ತದೆ, ಹೀರಿಕೆಯದು ಅದರ ಏಳು ಪಟ್ಟು ಬೇಡುತ್ತದೆ. ಹೊಸದಾಗಿ ಕೊಳ್ಳುವವರು ಅದನ್ನೇ ಕೊಳ್ಳಲಿ. ಅಡುಗೆಯೂ ಆದೀತು. ಹೀಟರಿನಲ್ಲಿ ಮಾತ್ರ ನಿಮ್ಮ ಏರ್ಪಾಡು ನಿಲ್ಲುವುದಿಲ್ಲ. 100 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿರುವುದು 1.28 ಯೂನಿಟ್. ಒಂದು ಕಿಲೋ ಗ್ಯಾಸಿನಲ್ಲಿರುವ ಶಾಖವನ್ನು ಸಂಗ್ರಹಿಸಲು ಅಂಥ ಹತ್ತು ಬ್ಯಾಟರಿಗಳು ಬೇಕು, ಚಳಿಗಾಲದ ಬಿಸಿಲು ಅವುಗಳನ್ನು ತುಂಬಿಸಲಾರದು. ನೀವು ಚಳಿಯಲ್ಲಿ ಏನು ಮಾಡುತ್ತೀರಿ?

ಬಿಸಿಲು ಹಿಡಿದವನು

ಚಳಿಯಲ್ಲಿ 16 ಆಂಪಿಯರ್ ಕಂಬವಿರುವ ಜಾಗದಲ್ಲಿ ಮಾತ್ರ ನಿಲ್ಲುತ್ತೇನೆ. ಪ್ರಶ್ನೆ ನ್ಯಾಯವಾದದ್ದೇ.

ಹೊಸ ಪಯಣಿಗ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಮೊದಲ ಪ್ರಯಾಣ ಮುಗಿಸಿ ಬಂದೆವು. ಐದು ರಾತ್ರಿ, ಹವೆ ತಂಪಾಗಿತ್ತು. ತಂಗುದಾಣಕ್ಕೆ ಫೋನ್ ಮಾಡಿ ‘ಎಷ್ಟು ಆಂಪಿಯರ್’ ಎಂದು ಕೇಳಿದಾಗ ಅತ್ತ ಕಡೆಯವರು ‘ಎಲ್ಲರಿಗೂ ಸಾಕಾಗುತ್ತದೆ’ ಎಂದಷ್ಟೇ ಹೇಳಿದರು. ಹೋಗಿ ಪೆಟ್ಟಿಗೆ ತೆರೆದು ನೋಡಿದರೆ 6.

ಮೊದಲ ರಾತ್ರಿ ಫ್ರಿಜ್, 850ರ ಗೀಸರ್ ಮತ್ತು ಹೀಟರಿನ 500ರ ಮೆಟ್ಟಿಲು ಮೂರನ್ನೂ ವಿದ್ಯುತ್ತಿನಲ್ಲಿ ಹಾಕಿದೆ. 1500 ವ್ಯಾಟ್, ಅಂದರೆ ಆರೂವರೆ ಆಂಪಿಯರ್, ಬೀಳಲಿಲ್ಲ. ಗೆದ್ದೆ ಎಂದುಕೊಂಡು ಮೊಬೈಲುಗಳನ್ನು ಚಾರ್ಜಿಗೆ ಹಾಕಿ, ದೀಪಗಳನ್ನು ಉರಿಸಿಕೊಂಡು ಕುಳಿತೆವು. ಬ್ಯಾಟರಿ ಚಾರ್ಜರ್ ಕೂಡ ತನ್ನ ಪಾಲನ್ನು ಎಳೆಯುತ್ತಿದ್ದುದು ನನ್ನ ಲೆಕ್ಕದಲ್ಲಿರಲಿಲ್ಲ. ಇಪ್ಪತ್ತೈದು ನಿಮಿಷಕ್ಕೆ ಎಲ್ಲವೂ ಆರಿತು. ತಂತಿ ಕೆಲಸದವರ ಮಾತು ಓದಿರದಿದ್ದರೆ ಕೊನೆಗೆ ಚುಚ್ಚಿದ ಮೊಬೈಲ್ ಚಾರ್ಜರನ್ನೇ ಎಸೆದುಬಿಡುತ್ತಿದ್ದೆ.

ಆಮೇಲೆ ಗೀಸರನ್ನು ಗ್ಯಾಸಿಗೆ ಹಾಕಿದೆ. ವಿದ್ಯುತ್ತಿನಲ್ಲಿ ನಲವತ್ತು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿದ್ದ ನೀರು ಅದರಲ್ಲಿ ಅರ್ಧ ಗಂಟೆಯೊಳಗೆ ಕಾದಿತು, ಅದು ಉರಿಯುವುದೂ ಬೆಳಗ್ಗೆ ಸಂಜೆ ಮಾತ್ರ. ಫ್ರಿಜ್ ಮತ್ತು 500ರ ಹೀಟರ್ ಕಂಬದ ಮೇಲೆ ರಾತ್ರಿಯಿಡೀ ನಡೆದವು, ಒಲೆ ಗ್ಯಾಸಿನಲ್ಲಿ, ಒಂದು ಮಳೆಯ ದಿನ ಮಾತ್ರ ಹೀಟರ್ ಆರಿಸಿ ವಿದ್ಯುತ್ ತಟ್ಟೆಯಲ್ಲಿ ಅಡುಗೆ. ಉಳಿದ ನಾಲ್ಕು ರಾತ್ರಿ ಒಮ್ಮೆಯೂ ಕತ್ತಲಾಗಲಿಲ್ಲ. ಮನೆಗೆ ಬಂದು ಸಿಲಿಂಡರನ್ನು ತೂಗಿ ನೋಡಿದೆ. ಒಂದು ಕಿಲೋ ಪೂರ್ತಿ ಖರ್ಚಾಗಿರಲಿಲ್ಲ.

25 ಮೀಟರಿನ ಹೊಸ ಕೇಬಲ್ ಪೂರ್ತಿ ಬಿಚ್ಚಿ ಹಾಸಿದ್ದೆ. ಪಕ್ಕದ ಗಾಡಿಯವರು ತಮ್ಮದನ್ನು ಗಾಲಿಯಲ್ಲೇ ಬಿಟ್ಟಿದ್ದರು. ಅದರ ಮೇಲೆ ಕೈಯಿಟ್ಟು ನೋಡುವಂತೆ ಹೇಳಿದೆ. ಅವರು ಕೈಯಿಟ್ಟವರೇ ಮಾತಿಲ್ಲದೆ ಬಿಚ್ಚತೊಡಗಿದರು.